ಹಳೆಯ ಬೀಟಲ್‌ಗೆ ಯಾವ ಕಾರ್ಬ್ಯುರೇಟರ್, ಯಾವ ಡಿಸ್ಟ್ರಿಬ್ಯೂಟರ್? ಬಳ್ಳಾರಿ, ರಾಯಚೂರು, ಕೊಪ್ಪಳದವರ ಅನುಭವ

ಕೇಳಿದವರು: ಬಳ್ಳಾರಿಯಿಂದ

ತಂದೆಯವರ ಕಾಲದ ಫೋಕ್ಸ್‌ವ್ಯಾಗನ್ ಬೀಟಲ್ ಕಾರೊಂದು ನಮ್ಮ ಮನೆಯಲ್ಲಿದೆ. ಗಾಡಿ 1968ರದು. ಆದರೆ ಅದರ ಮೂಲ ಎಂಜಿನ್ ಈಗಿಲ್ಲ. ಯಾವಾಗಲೋ 1600 ಸಿಸಿಯ ಎಂಜಿನ್ ಕೂರಿಸಿದ್ದಾರೆಂದು ತಿಳಿದಿದೆ. ಪೆಟ್ರೋಲು, ಗಾಳಿ ಬೆರೆಸುವ ಕಾರ್ಬ್ಯುರೇಟರ್ ಮೇಲೆ ಸೋಲೆಕ್ಸ್ 34 ಪಿಕ್ಟ್-3 ಎಂದು ಬರೆದಿದೆ, ಸಿಲಿಂಡರುಗಳಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರ್ ಬಾಷ್ 009. ನಿಂತಲ್ಲಿ ಎಂಜಿನ್ ಚೆನ್ನಾಗಿಯೇ ಓಡುತ್ತದೆ, ಹೆದ್ದಾರಿಯಲ್ಲೂ ತೊಂದರೆಯಿಲ್ಲ. ರಾಯಲ್ ಸರ್ಕಲ್‌ನಂಥ ಕಡೆ ನಿಂತು ಹೊರಡುವಾಗ ಮಾತ್ರ ಆಕ್ಸಿಲರೇಟರ್ ಒತ್ತಿದೊಡನೆ ಒಂದು ಕ್ಷಣ ಮುಗ್ಗರಿಸಿ ಆಮೇಲೆ ಎಳೆಯುತ್ತದೆ. ಒಬ್ಬ ಮೆಕ್ಯಾನಿಕ್ ಎರಡು ಬ್ಯಾರಲ್‌ನ (ಎರಡು ಗಾಳಿಕೊಳವೆಯ) ವೆಬರ್ ಕಾರ್ಬ್ಯುರೇಟರ್ ಹಾಕಿಸಿ ಎನ್ನುತ್ತಾರೆ, ಇನ್ನೊಬ್ಬರು ಚಿಕ್ಕ ಸೋಲೆಕ್ಸ್ ಸಾಕು ಎನ್ನುತ್ತಾರೆ, ಮತ್ತೊಬ್ಬರು ಡಿಸ್ಟ್ರಿಬ್ಯೂಟರ್ ಬದಲಿಸಿ ಎನ್ನುತ್ತಾರೆ. ಸಾಮಾನು ಹೊರಗಿನಿಂದ ತರಿಸಬೇಕಾದ್ದರಿಂದ ಖರ್ಚು ಮಾಡುವ ಮೊದಲು ಅನುಭವಸ್ಥರು ತಿಳಿಸಿದರೆ ಉಪಕಾರವಾಗುತ್ತದೆ.

ಬಳ್ಳಾರಿಯಲ್ಲಿ ಗ್ಯಾರೇಜ್ ನಡೆಸುವವರು:

ಸರ್, ಯಾರು ಏನೇ ಹೇಳಲಿ, ಮೊದಲು ಎಂಜಿನ್ ಯಾವುದೆಂದು ನೀವೇ ಖಚಿತಪಡಿಸಿಕೊಳ್ಳಿ. ಡೈನಮೋ ಕೂರುವ ಸ್ಟ್ಯಾಂಡ್‌ನ ಬುಡದಲ್ಲಿ, ಕ್ರ್ಯಾಂಕ್‌ಕೇಸಿನ ಮೇಲೆ ಎಂಜಿನ್ ನಂಬರ್ ಒತ್ತಿರುತ್ತಾರೆ. ಗ್ರೀಸು, ಮಣ್ಣು ಕೂತಿರುವುದರಿಂದ ಡೀಸೆಲ್ ಬಟ್ಟೆಯಲ್ಲಿ ಉಜ್ಜಿದರೆ ಮಾತ್ರ ಕಾಣುತ್ತದೆ. ನಂಬರ್ ಡಿ ಅಕ್ಷರದಿಂದ ಶುರುವಾದರೆ 1200, ಎಫ್ ಆದರೆ 1300, ಎಚ್ ಆದರೆ 1500, ಎಡಿ ಅಥವಾ ಎಇ ಆದರೆ ಡ್ಯುಯಲ್ ಪೋರ್ಟ್ 1600. ಹೆಡ್‌ಗಳನ್ನು ಹಿಂದೆ ಬದಲಿಸಿರುವ ಸಾಧ್ಯತೆ ಇರುವುದರಿಂದ ಕಣ್ಣಾರೆಯೂ ನೋಡಿ. ಕಾರ್ಬ್ಯುರೇಟರಿನಿಂದ ಬರುವ ಕಬ್ಬಿಣದ ಪೈಪು ನೇರವಾಗಿ ಒಂದೇ ತೂತಿನಲ್ಲಿ ಹೆಡ್ ಸೇರಿದರೆ ಅದು ಸಿಂಗಲ್ ಪೋರ್ಟ್. ಪೈಪಿನ ತುದಿಗೆ ರಬ್ಬರ್ ಬೂಟ್ ಹಾಕಿ, ಎರಡಾಗಿ ಕವಲೊಡೆದ ಅಲ್ಯೂಮಿನಿಯಂ ತುಂಡಿನ ಮೂಲಕ ಹೆಡ್ಡಿಗೆ ಜೋಡಿಸಿದ್ದರೆ ಡ್ಯುಯಲ್ ಪೋರ್ಟ್. ಆ ರಬ್ಬರ್ ಬೂಟ್ ಸೀಳಿದ್ದರೂ ನೀವು ಹೇಳುವ ಮುಗ್ಗರಿಕೆಯೇ ಬರುತ್ತದೆ ಎಂಬುದನ್ನು ಇಲ್ಲೇ ಹೇಳಿಬಿಡುತ್ತೇನೆ.

ಕಾರ್ಬ್ಯುರೇಟರಿನ ಆಯ್ಕೆ ಇದರಿಂದಲೇ ಹೆಚ್ಚೂಕಡಿಮೆ ತೀರ್ಮಾನವಾಗುತ್ತದೆ. 1200 ಎಂಜಿನ್‌ಗೆ 28 ಪಿಕ್ಟ್, ಸಿಂಗಲ್ ಪೋರ್ಟಿನ 1300 ಮತ್ತು 1500ಕ್ಕೆ 30 ಪಿಕ್ಟ್ ಬಗೆಯದು, ಡ್ಯುಯಲ್ ಪೋರ್ಟ್ 1600ಕ್ಕೆ 34 ಪಿಕ್ಟ್-3. ಹಳೆಯ 30ರ ಜಾಗಕ್ಕೆ ಈಗ ಎಚ್30/31 ಎಂಬುದು ಸಿಗುತ್ತದೆ, ಒಳ್ಳೆಯ ಬದಲಿ. ಆದರೆ 34ರ ಬುಡದ ಬೋಲ್ಟ್‌ಗಳ ಅಂತರ 30ರದಕ್ಕಿಂತ ಹೆಚ್ಚು, ಆದ್ದರಿಂದ ಒಂದರ ಮ್ಯಾನಿಫೋಲ್ಡ್ ಮೇಲೆ ಇನ್ನೊಂದು ಅಡಾಪ್ಟರ್ ಇಲ್ಲದೆ ಕೂರುವುದಿಲ್ಲ. ನಿಮ್ಮದು ನಿಜಕ್ಕೂ ಡ್ಯುಯಲ್ ಪೋರ್ಟ್ ಆಗಿದ್ದರೆ ಈಗಿರುವ 34 ಸರಿಯಾದ ಕಾರ್ಬ್ಯುರೇಟರೇ; ಅದನ್ನು ಬಿಸಾಡುವ ಮಾತು ಬೇಡ.

ನನ್ನ ಅನುಮಾನವಿರುವುದು 34 ಮತ್ತು 009ರ ಜೋಡಿಯ ಮೇಲೆ. ಪೆಡಲ್ ಅರ್ಧಕ್ಕಿಂತ ಕಡಿಮೆ ಒತ್ತಿದಾಗ ಸಿಲಿಂಡರಿಗೆ ಹೋಗುವ ಮಿಶ್ರಣ ಕಡಿಮೆ, ತೆಳುವಾದ ಮಿಶ್ರಣ ನಿಧಾನವಾಗಿ ಉರಿಯುತ್ತದೆ. ಆದ್ದರಿಂದ ಕಿಡಿ ಇನ್ನಷ್ಟು ಮುಂಚೆಯೇ ಬೀಳಬೇಕು. ಪೆಡಲ್ ಒತ್ತಿದಂತೆ ತೆರೆಯುವ ಥ್ರಾಟಲ್ ತಟ್ಟೆಯ ಬಳಿಯ ಸಣ್ಣ ರಂಧ್ರದಿಂದ ಬರುವ ವ್ಯಾಕ್ಯೂಮ್ (ಗಾಳಿಯ ಸೆಳೆತ) ಡಿಸ್ಟ್ರಿಬ್ಯೂಟರಿನ ಡಬ್ಬಿಯನ್ನು ಎಳೆದು ಆ ಕೆಲಸವನ್ನು ತಕ್ಷಣ ಮಾಡುತ್ತದೆ. 009ಕ್ಕೆ ಆ ಡಬ್ಬಿಯೇ ಇಲ್ಲ. ಅದರೊಳಗಿನ ತೂಕಗಳು ಎಂಜಿನ್ ವೇಗ ಏರಿದ ಮೇಲಷ್ಟೇ ಕಿಡಿಯನ್ನು ಮುಂದಕ್ಕೆ ತರುತ್ತವೆ. ನೀವು ಪೆಡಲ್ ಒತ್ತಿದ ಕ್ಷಣದಲ್ಲಿ ವೇಗ ಇನ್ನೂ ಏರಿರುವುದಿಲ್ಲವಲ್ಲ, ಆ ನಡುವಿನ ಖಾಲಿಯೇ ನಿಮ್ಮ ಮುಗ್ಗರಿಕೆ. 34 ಪಿಕ್ಟ್-3 ಆ ಹಂತದಲ್ಲಿ ಮೊದಲೇ ತೆಳುವಾಗಿ ಕೊಡುವ ಕಾರ್ಬ್ಯುರೇಟರ್ ಆದ್ದರಿಂದ 009ರ ಜೊತೆ ಇದು ಎದ್ದು ಕಾಣುತ್ತದೆ. ಕೆಲವರು ಆಕ್ಸಿಲರೇಟರ್ ಪಂಪಿನಿಂದ ಹೆಚ್ಚು ಪೆಟ್ರೋಲು ಚಿಮ್ಮುವಂತೆ ಮಾಡಿ ಇದನ್ನು ಮುಚ್ಚುತ್ತಾರೆ. ಮುಗ್ಗರಿಕೆ ಕಡಿಮೆಯಾಗುತ್ತದೆ, ಮೈಲೇಜ್ ಹೋಗುತ್ತದೆ.

34ಕ್ಕೆ ತಕ್ಕದ್ದು ಒಂದೇ ವ್ಯಾಕ್ಯೂಮ್ ಪೈಪಿನ, ಆದರೆ ಒಳಗೆ ತೂಕಗಳೂ ಇರುವ ಡಿಸ್ಟ್ರಿಬ್ಯೂಟರ್; ಬಾಷ್‌ನಲ್ಲಿ ಕೊನೆಯ ಅಂಕಿ 034 ಇರುವುದು ಅಂಥದ್ದು. ಹಳೆಯ ಬೀಟಲ್‌ಗಳಲ್ಲಿ ತೂಕಗಳೇ ಇಲ್ಲದ, ವ್ಯಾಕ್ಯೂಮ್ ಒಂದರಿಂದಲೇ ನಡೆಯುವ ಡಿಸ್ಟ್ರಿಬ್ಯೂಟರ್ ಇರುತ್ತಿತ್ತು. ಯಾರಾದರೂ ಅದನ್ನು ಅಗ್ಗಕ್ಕೆ ಕೊಟ್ಟರೆ ತೆಗೆದುಕೊಳ್ಳಬೇಡಿ. ಅದಕ್ಕೆ 28, 30ರಂಥ ಕಾರ್ಬ್ಯುರೇಟರಿನ ವೆಂಚುರಿಯಿಂದ (ಗಾಳಿದಾರಿಯ ಕಿರಿದಾದ ಭಾಗದಿಂದ) ಬರುವ ಸೆಳೆತ ಬೇಕು. 34ರ ರಂಧ್ರ ಕೊಡುವ ಸೆಳೆತ ಅದಕ್ಕೆ ಹೊಂದುವುದಿಲ್ಲ.

ರಾಯಚೂರಿನಿಂದ, ಹಳೆಯ ಬೀಟಲ್ ಇಟ್ಟುಕೊಂಡಿರುವ ನಿವೃತ್ತ ತಾಂತ್ರಿಕ ಸಿಬ್ಬಂದಿ:

ಮೇಲಿನವರ ಮಾತನ್ನು ಒಪ್ಪುತ್ತೇನೆ. ಆದರೆ ಹಳೆಯ ಡಿಸ್ಟ್ರಿಬ್ಯೂಟರ್ ಕೊಳ್ಳುವವರು ಅಂಗಡಿಯಲ್ಲಿ ನಿಂತೇ ಅದನ್ನು ಪರೀಕ್ಷಿಸಬೇಕು. ಕ್ಯಾಪ್ ತೆಗೆದು ರೋಟರನ್ನು ಗಡಿಯಾರದ ಮುಳ್ಳು ತಿರುಗುವ ದಿಕ್ಕಿಗೆ ಸ್ವಲ್ಪ ತಿರುಗಿಸಿ ಬಿಡಿ. ಸ್ಪ್ರಿಂಗ್ ಸರಿಯಿದ್ದರೆ ಅದು ತಾನಾಗಿ ಹಿಂದಕ್ಕೆ ಬರುತ್ತದೆ. ಬಳಿಕ ವ್ಯಾಕ್ಯೂಮ್ ಡಬ್ಬಿಗೆ ಒಂದು ಸಣ್ಣ ರಬ್ಬರ್ ಪೈಪ್ ಸಿಕ್ಕಿಸಿ ಬಾಯಲ್ಲಿ ಎಳೆದು ನಾಲಗೆಯಿಂದ ಮುಚ್ಚಿ ಹಿಡಿಯಿರಿ. ಪಾಯಿಂಟ್ (ಕಿಡಿಗಾಗಿ ಕರೆಂಟನ್ನು ಕಡಿಯುವ ಸ್ವಿಚ್) ಕೂತ ತಟ್ಟೆ ಸರಿದು ಅಲ್ಲೇ ನಿಲ್ಲಬೇಕು. ಮೆಲ್ಲಗೆ ವಾಪಸು ಜಾರಿದರೆ ಒಳಗಿನ ಡಯಾಫ್ರಂ ಹರಿದಿದೆ ಎಂದೇ ಅರ್ಥ, ಬೇರೆ ನೋಡಿ. ಶಾಫ್ಟನ್ನು ಅಕ್ಕಪಕ್ಕಕ್ಕೆ ಅಲ್ಲಾಡಿಸಿ ನೋಡುವುದನ್ನೂ ಮರೆಯಬೇಡಿ. ಅದರಲ್ಲಿ ಆಟ ಇದ್ದರೆ ಪಾಯಿಂಟ್ ಗ್ಯಾಪ್ 0.4 ಮಿಲಿಮೀಟರ್‌ಗೆ ಎಷ್ಟು ಸಲ ಇಟ್ಟರೂ ಒಂದು ಸಿಲಿಂಡರಿಗೆ ಒಂದು ತರಹ, ಇನ್ನೊಂದಕ್ಕೆ ಇನ್ನೊಂದು ತರಹ ಆಗುತ್ತದೆ.

ಟೈಮಿಂಗ್, ಅಂದರೆ ಕಿಡಿ ಬೀಳುವ ಹೊತ್ತು, ಎಲ್ಲಕ್ಕೂ ಒಂದೇ ಅಲ್ಲ, ಇಲ್ಲೇ ಬಹಳ ಜನ ಎಡವುತ್ತಾರೆ. 034 ಹಾಕಿದರೆ ವ್ಯಾಕ್ಯೂಮ್ ಪೈಪು ಕಳಚಿ ಅದರ ಬಾಯಿ ಮುಚ್ಚಿ, ಐಡಲ್‌ನಲ್ಲಿ (ಪೆಡಲ್ ಒತ್ತದೆ ಓಡುವಾಗ) ಪಿಸ್ಟನ್ನಿನ ಮೇಲ್ತುದಿಗೆ 7.5 ಡಿಗ್ರಿ ಮುಂಚೆ ಇಡಬೇಕು. ಡಬ್ಬಿಗೆ ಎರಡು ಪೈಪು ಇರುವ, ಅಂದರೆ ಕಿಡಿಯನ್ನು ಹಿಂದಕ್ಕೂ ಎಳೆಯುವ ಡಿಸ್ಟ್ರಿಬ್ಯೂಟರ್ ನಿಮಗೆ ಸಿಕ್ಕರೆ ಅದರ ಲೆಕ್ಕ ಬೇರೆ: ಎರಡೂ ಪೈಪು ಸಿಕ್ಕಿಸಿಯೇ ಮೇಲ್ತುದಿ ದಾಟಿದ 5 ಡಿಗ್ರಿಗೆ ಇಡುತ್ತಾರೆ. 009 ಅನ್ನು ಐಡಲ್‌ನಲ್ಲಿ ನೋಡಿ ಸುಮ್ಮನಾಗದೆ, ಎಂಜಿನ್ ವೇಗವನ್ನು ನಿಮಿಷಕ್ಕೆ 3,000 ಸುತ್ತು ದಾಟಿಸಿ ಒಟ್ಟು ಅಡ್ವಾನ್ಸ್, ಅಂದರೆ ಕಿಡಿ ಎಷ್ಟು ಡಿಗ್ರಿ ಮುಂಚೆ ಬೀಳುತ್ತದೆ ಎಂಬುದನ್ನು ನೋಡಬೇಕು. ಪುಸ್ತಕದಲ್ಲಿ 32ರವರೆಗೆ ಒಪ್ಪುತ್ತಾರೆ. ನಮ್ಮ ಏಪ್ರಿಲ್, ಮೇ ತಿಂಗಳ ಬಿಸಿಲಿಗೆ 28ರಿಂದ 30ರೊಳಗೆ ನಿಲ್ಲಿಸುವುದು ಕ್ಷೇಮ ಎಂಬುದು ನನ್ನ ಅಭಿಪ್ರಾಯ. ನೀರಿನಿಂದ ತಣಿಯುವ ಗಾಡಿಯಲ್ಲಿ ಅಡ್ವಾನ್ಸ್ ಹೆಚ್ಚಾದರೆ ನಾಕಿಂಗ್ (ಎಂಜಿನ್ನಿನೊಳಗಿನ ಬಡಿತದ ಸದ್ದು) ಕಿವಿಗೆ ಬೀಳುತ್ತದೆ. ಬೀಟಲ್‌ನಲ್ಲಿ ಫ್ಯಾನಿನ ಗದ್ದಲ ಅದನ್ನು ನುಂಗಿಬಿಡುತ್ತದೆ, ಹೆಡ್ ಹೋದ ಮೇಲಷ್ಟೇ ಗೊತ್ತಾಗುತ್ತದೆ. ಟೈಮಿಂಗ್ ಲೈಟ್ ಇಲ್ಲದೆ ಕಿವಿಯ ಅಂದಾಜಿನಲ್ಲಿ ಈ ಎಂಜಿನ್ ಟ್ಯೂನ್ ಮಾಡುತ್ತೇನೆ ಎನ್ನುವವರ ಕೈಗೆ ಗಾಡಿ ಕೊಡಬೇಡಿ. ಪುಲ್ಲಿಯ ಮೇಲಿನ ಗುರುತುಗಳೂ ಎಲ್ಲ ಪುಲ್ಲಿಗಳಲ್ಲಿ ಒಂದೇ ಕಡೆ ಇರುವುದಿಲ್ಲ, ಆದ್ದರಿಂದ ಒಂದನೆಯ ಸಿಲಿಂಡರಿನ ಪಿಸ್ಟನ್ ನಿಜವಾಗಿ ಮೇಲೆ ಬಂದ ಜಾಗವನ್ನು ನೋಡಿ ಬಣ್ಣದಲ್ಲಿ ಗುರುತು ಹಾಕಿಕೊಳ್ಳಿ.

ಕೊಪ್ಪಳದ ಲೇತ್ ಕೆಲಸದವರು:

ಅಣ್ಣನವರೇ, ಹೊಸದಕ್ಕೆ ದುಡ್ಡು ಕೊಡುವ ಮೊದಲು ಈಗಿನ ಕಾರ್ಬ್ಯುರೇಟರಿನ ಥ್ರಾಟಲ್ ಶಾಫ್ಟನ್ನು ಹಿಡಿದು ಮೇಲೆ ಕೆಳಗೆ ಅಲ್ಲಾಡಿಸಿ ನೋಡಿ. ಶಾಫ್ಟ್ ಉಕ್ಕಿನದು, ಬಾಡಿ ಮೆತ್ತನೆಯ ಸತುವಿನ ಮಿಶ್ರಲೋಹದ್ದು, ಹಾಗಾಗಿ ಸವೆಯುವುದು ಬಾಡಿಯ ತೂತು. ಐಡಲ್‌ನಲ್ಲಿ ಓಡುವಾಗ ಶಾಫ್ಟಿನ ತುದಿಗೆ ಒಂದು ಹನಿ ಎಣ್ಣೆ ಬಿಟ್ಟರೆ ಎಂಜಿನ್ ಸದ್ದು ಬದಲಾಗುತ್ತದೆಯೇ ನೋಡಿ. ಬದಲಾದರೆ ಅಲ್ಲಿಂದ ಗಾಳಿ ಎಳೆಯುತ್ತಿದೆ. ಹಿತ್ತಾಳೆ ಬುಷ್ ಕೂರಿಸಿ ರೀಮರ್ ಹೊಡೆದರೆ ಸರಿಹೋಗುತ್ತದೆ. ಆದರೆ ಎರಡೂ ಬದಿಯ ತೂತುಗಳನ್ನು ಒಂದೇ ಸಲ, ಒಂದೇ ನೇರದಲ್ಲಿ ಕೊರೆಯಬೇಕು, ಇಲ್ಲದಿದ್ದರೆ ಬಟರ್‌ಫ್ಲೈ ತಟ್ಟೆ ಕಚ್ಚಿಕೊಳ್ಳುತ್ತದೆ. ಆ ತಟ್ಟೆಯ ಎರಡು ಸಣ್ಣ ಸ್ಕ್ರೂಗಳ ತುದಿಯನ್ನು ಕಂಪನಿಯಲ್ಲಿ ಬಡಿದು ಅಗಲಿಸಿರುತ್ತಾರೆ. ಬಿಚ್ಚಿದ ಮೇಲೆ ಹೊಸ ಸ್ಕ್ರೂ ಹಾಕಿ ಹಾಗೆಯೇ ಬಡಿಯಬೇಕು. ಸಡಿಲವಾಗಿ ಬಿದ್ದರೆ ಅದು ಹೋಗುವುದು ನೇರ ಸಿಲಿಂಡರಿಗೆ.

ಸಂಡೂರಿನಿಂದ:

ವೆಬರ್ ಬಗ್ಗೆ ಯಾರೂ ಬರೆದಿಲ್ಲವಾದ್ದರಿಂದ ನಾನು ಬರೆಯುತ್ತೇನೆ. ಎರಡು ಬ್ಯಾರಲ್‌ನ ವೆಬರನ್ನು ನಡುವೆ ಕೂರಿಸಿದರೂ ಮಿಶ್ರಣ ಅದೇ ಉದ್ದನೆಯ ಪೈಪಿನಲ್ಲೇ ಹೆಡ್ಡಿಗೆ ಹೋಗಬೇಕು. ದಾರಿಯಲ್ಲಿ ಪೆಟ್ರೋಲು ಆವಿಯಾಗುತ್ತ ಪೈಪನ್ನು ತಣ್ಣಗೆ ಮಾಡುತ್ತದೆ, ಮತ್ತೆ ಹನಿಗಟ್ಟುತ್ತದೆ. ಸೈಲೆನ್ಸರಿನ ಬಿಸಿ ಗಾಳಿಯನ್ನು ಮ್ಯಾನಿಫೋಲ್ಡ್ ಕೆಳಗೆ ಹಾಯಿಸುವ ಪೈಪು ಇರುವುದೇ ಇದನ್ನು ತಡೆಯಲು. ನಮ್ಮದು ಬಿಸಿಲ ನಾಡು, ಬಿಸಿ ಯಾಕೆ ಬೇಕು ಎಂದು ಅದನ್ನು ಮುಚ್ಚಿಸುವವರಿದ್ದಾರೆ, ಮುಚ್ಚಬೇಡಿ. ಎರಡು ಹೆಡ್ಡಿಗೆ ಎರಡು ಬೇರೆ ಕಾರ್ಬ್ಯುರೇಟರ್ ಹಾಕುವವರಿಗೆ ಮಾತ್ರ ಆ ಸಮಸ್ಯೆ ಇರುವುದಿಲ್ಲ. ಅಂಥ ಜೋಡಿಗಳಲ್ಲಿ ವ್ಯಾಕ್ಯೂಮ್ ರಂಧ್ರ ಅನೇಕ ವೇಳೆ ಇರುವುದಿಲ್ಲವಾದ್ದರಿಂದ ಅಲ್ಲಿ 009 ಒಪ್ಪುತ್ತದೆ. ಆದರೆ ಎರಡನ್ನೂ ಸಮಮಾಡಿ ಇಟ್ಟುಕೊಳ್ಳುವ ತಾಳ್ಮೆ ಬೇಕು.

ಇನ್ನೊಂದು ಮಾತು. ನಿಮ್ಮ ಗಾಡಿಯಲ್ಲಿ ಕಂಪನಿಯ ಎಣ್ಣೆ ತುಂಬುವ ಏರ್ ಫಿಲ್ಟರ್ ಉಳಿದಿದ್ದರೆ ಅದನ್ನು ಹೊಳೆಯುವ ಚಿಕ್ಕ ಫಿಲ್ಟರಿಗೆ ಬದಲಿಸಬೇಡಿ. ತೋರಣಗಲ್ಲಿನ ಕಡೆ ಅದಿರು ಲಾರಿಗಳ ಹಿಂದೆ ಸ್ವಲ್ಪ ದಿನ ಓಡಿಸಿ ಬಿಚ್ಚಿ ನೋಡಿದರೆ ತಳದಲ್ಲಿ ಕೆಂಪು ರಾಡಿ ಬೆರಳಿಗೆ ಹತ್ತುವಷ್ಟು ಕೂತಿರುತ್ತದೆ. ಅದೆಲ್ಲ ಐಡಲ್ ಜೆಟ್ಟಿಗೂ (ಪೆಟ್ರೋಲು ಹಾಯುವ ಸಣ್ಣ ತೂತಿಗೂ) ಪಿಸ್ಟನ್ನಿಗೂ ಹೋಗಬೇಕಾಗಿದ್ದ ಧೂಳು.

ಗಂಗಾವತಿಯಿಂದ:

ಪೆಟ್ರೋಲಿನ ವಿಷಯ ಬಿಟ್ಟುಹೋಗಿದೆ. ಈಗ ಬಂಕಿನಲ್ಲಿ ಸಿಗುವುದು ಶೇ. 20 ಎಥನಾಲ್ ಬೆರೆತ ಪೆಟ್ರೋಲು. ಶುದ್ಧ ಪೆಟ್ರೋಲಿನ ಒಂದು ಪಾಲಿಗೆ ತೂಕದಲ್ಲಿ ಸುಮಾರು 14.7 ಪಾಲು ಗಾಳಿ ಬೇಕಾದರೆ ಇದಕ್ಕೆ ಸುಮಾರು 13.5 ಸಾಕು, ಅಂದರೆ ಹಳೆಯ ಜೆಟ್ಟಿನಲ್ಲಿ ಮಿಶ್ರಣ ಇನ್ನಷ್ಟು ತೆಳುವಾಗುತ್ತದೆ. ನಿಮ್ಮ 34ರಲ್ಲಿ ಮೇನ್ ಜೆಟ್ 127.5 ಇದ್ದರೆ ಒಂದು ಹಂತ ಮೇಲಿನದನ್ನು ಹಾಕಿ, ಸ್ವಲ್ಪ ದೂರ ಓಡಿಸಿ ಪ್ಲಗ್ಗಿನ ಬಣ್ಣ ನೋಡಿ. ಬಿಳಿಚಿಕೊಂಡಿದ್ದರೆ ಇನ್ನೂ ತೆಳು, ತಿಳಿ ಕಂದು ಇದ್ದರೆ ಸರಿ. ಹಳೆಯ ರಬ್ಬರ್ ಪೈಪು, ಪಂಪಿನ ಡಯಾಫ್ರಂಗಳನ್ನು ಎಥನಾಲ್ ತಡೆಯುವಂಥವಕ್ಕೆ ಬದಲಿಸಿಕೊಳ್ಳಿ. ಪೆಟ್ರೋಲು ಕಾರ್ಬ್ಯುರೇಟರಿಗೆ ಒಳಬರುವ ಹಿತ್ತಾಳೆ ನಳಿಕೆಯನ್ನು ಕೈಯಲ್ಲಿ ತಿರುಗಿಸಿ ನೋಡಿ. ಅದನ್ನು ಬಾಡಿಗೆ ಒತ್ತಿ ಕೂರಿಸಿರುತ್ತಾರಷ್ಟೇ. ಸಡಿಲಾಗಿ ಕಳಚಿದರೆ ಪೆಟ್ರೋಲು ಸುರಿಯುವುದು ಬಿಸಿ ಎಂಜಿನ್ನಿನ ಮೇಲೆ, ಡಿಸ್ಟ್ರಿಬ್ಯೂಟರಿನ ಪಕ್ಕದಲ್ಲಿ. ಬೀಟಲ್‌ಗಳು ಬೆಂಕಿಗೆ ಆಹುತಿಯಾಗುವುದು ಹೆಚ್ಚಾಗಿ ಇಂಥ ಕಾರಣಕ್ಕೇ.

ಕೇಳಿದವರು:

ಎಲ್ಲರಿಗೂ ಕೃತಜ್ಞತೆಗಳು. ಎಂಜಿನ್ ನಂಬರ್ ಎಡಿಯಿಂದಲೇ ಶುರುವಾಗುತ್ತದೆ, ರಬ್ಬರ್ ಬೂಟ್‌ಗಳೂ ಇವೆ, ಎಡಬದಿಯದು ಸೀಳಿದೆ. ಥ್ರಾಟಲ್ ಶಾಫ್ಟಿನಲ್ಲಿ ಆಟ ಕಾಣುತ್ತಿಲ್ಲ. ಬೂಟ್ ಬದಲಿಸಿ, 034 ತರಿಸುವುದೆಂದು ನಿರ್ಧರಿಸಿದ್ದೇನೆ. ಅದನ್ನು ಹಾಕಿದ ಮೇಲೆ ಕಾರ್ಬ್ಯುರೇಟರನ್ನು ಹೇಗೆ ಹೊಂದಿಸಬೇಕು?

ಬಳ್ಳಾರಿಯ ಗ್ಯಾರೇಜಿನವರು:

ಥ್ರಾಟಲ್ ಲಿವರಿನ ಬಳಿಯ ಸ್ಕ್ರೂ ತಿರುಗಿಸಿ ಐಡಲ್ ಏರಿಸುವುದು ನಮ್ಮಲ್ಲಿ ಎಲ್ಲರಿಗೂ ಅಭ್ಯಾಸ. ಆದರೆ 34ರಲ್ಲಿ ಅದನ್ನು ಮುಟ್ಟಬಾರದು, ತಟ್ಟೆ ಸ್ವಲ್ಪ ತೆರೆದರೂ ವ್ಯಾಕ್ಯೂಮ್ ರಂಧ್ರ ಬಯಲಾಗಿ ಐಡಲ್‌ನಲ್ಲೇ ಅಡ್ವಾನ್ಸ್ ಬಂದುಬಿಡುತ್ತದೆ. ಎಂಜಿನ್ ಬಿಸಿಯಾಗಿ ಚೋಕ್ (ಎಂಜಿನ್ ತಣ್ಣಗಿದ್ದಾಗ ಗಾಳಿ ತಡೆಯುವ ತಟ್ಟೆ) ಪೂರ್ತಿ ತೆರೆದ ಮೇಲೆ ಆ ಸ್ಕ್ರೂವನ್ನು ಹಿಂದಕ್ಕೆ ಬಿಟ್ಟು, ಚೋಕಿನ ಮೆಟ್ಟಿಲನ್ನು ತಾಗಿದ ಕೂಡಲೇ ಕಾಲು ಸುತ್ತು ಮಾತ್ರ ಒಳಗೆ ಕೊಡಿ. ಪಕ್ಕದಲ್ಲಿ ಎರಡು ಸ್ಕ್ರೂಗಳಿವೆ. ಚಿಕ್ಕದನ್ನು ಮೆಲ್ಲಗೆ ಪೂರ್ತಿ ಒಳಗೆ ತಿರುಗಿಸಿ ಎರಡೂವರೆ ಸುತ್ತು ಹೊರಗೆ ತನ್ನಿ. ಒತ್ತಿ ಬಿಗಿದರೆ ತುದಿ ಹಾಳಾಗುತ್ತದೆ. ದೊಡ್ಡದರಲ್ಲಿ ಐಡಲ್ ಅನ್ನು ನಿಮಿಷಕ್ಕೆ 850 ಸುತ್ತಿಗೆ ತನ್ನಿ. ಆಮೇಲೆ ಚಿಕ್ಕದನ್ನು ತಿರುಗಿಸುತ್ತ ಎಂಜಿನ್ ಅತಿ ವೇಗವಾಗಿ ಓಡುವ ಜಾಗ ಹುಡುಕಿ, ಅಲ್ಲಿಂದ ವೇಗ 20–30 ಸುತ್ತು ಇಳಿಯುವಷ್ಟು ಒಳಗೆ ಕೊಟ್ಟು, ಮತ್ತೆ ದೊಡ್ಡದರಲ್ಲಿ 850ಕ್ಕೆ ನಿಲ್ಲಿಸಿ. ಇದೆಲ್ಲ ಮುಗಿದ ಮೇಲೆ ವ್ಯಾಕ್ಯೂಮ್ ಪೈಪು ಕಳಚಿ 7.5 ಡಿಗ್ರಿಯನ್ನು ಇನ್ನೊಮ್ಮೆ ನೋಡಿ, ಏಕೆಂದರೆ ಐಡಲ್ ಬದಲಾದಾಗ ಟೈಮಿಂಗ್ ಕೂಡ ಸ್ವಲ್ಪ ಸರಿದಿರುತ್ತದೆ.