ದೈವ ಅಂದರೆ ಊರ ಜನವೋ, ಊರ ಹಿರಿಯರೋ?

ಎಲ್ಲರಿಗೂ ನಮಸ್ಕಾರ. ನಮ್ಮದು ಮುಧೋಳ ತಾಲ್ಲೂಕಿನ ಹಳ್ಳಿ. ಗ್ರಾಮಸಭೆಗೆ ಜನರನ್ನು ಕರೆಯಲು ನಾಲ್ಕು ಸಾಲು ಬರೆದುಕೊಡು ಅಂದರು, 'ಊರ ದೈವವೆಲ್ಲ ಕೂಡಬೇಕು' ಅಂತ ಬರೆದೆ. ಪಕ್ಕದ ಮನೆಯ ಚಿಗವ್ವನಿಗೆ ಓದಿ ಹೇಳಿದರೆ, "ಅದು ದೈವದವ್ರ ಸಭಾ, ಅಲ್ಲಿ ನಮ್ದೇನ್ ಕೆಲಸ?" ಅಂದಳು. ಆವತ್ತಿನಿಂದ ಈ ಪದ ತಲೆ ಕೊರೆಯುತ್ತಿದೆ.

ಕರಾವಳಿಯವರಿಗೆ ದೈವ ಅಂದರೆ ಭೂತ. ನಮ್ಮ ಬಾಗಲಕೋಟೆ, ವಿಜಯಪುರ, ಬೆಳಗಾವಿ ಕಡೆ ಕೂಡಿದ ಜನ ಅಂತಲೂ ಅರ್ಥ ಇದೆ. ಬಯಲಾಟದವರು, ಗೀಗೀ ಪದದವರು ಕೂತ ದೈವಕ್ಕೆ ಶರಣು ಹೇಳುತ್ತಾರಲ್ಲ, ಅಲ್ಲಿ ಮುಂದೆ ಕೂತ ಗೌಡರೂ ದೈವ, ಹಿಂದೆ ಕೂಸನ್ನು ತೊಡೆಯ ಮೇಲೆ ಮಲಗಿಸಿಕೊಂಡ ಹೆಂಗಸೂ ದೈವ. ಆದರೆ 'ದೈವದವರು' ಅಂದ ಕೂಡಲೇ ಅರ್ಥ ಐದಾರು ಹಿರಿಯರಿಗೆ ಇಳಿದುಬಿಡುತ್ತದೆ. ಜಾತ್ರೆಗೆ ಪಟ್ಟಿ, ಅಂದರೆ ವಂತಿಗೆ, ಎತ್ತುವವರು, ಜಗಳ ಬಗೆಹರಿಸುವವರು ಅವರೇ.

ಗ್ರಾಮ ಪಂಚಾಯ್ತಿ ಚುನಾವಣೆಗೆ ಪಕ್ಷದ ಗುರುತು ಇರುವುದಿಲ್ಲ. ಹಾಗಾಗಿ ಯಾರು ನಿಲ್ಲಬೇಕು ಅನ್ನುವಲ್ಲಿ ಹಿರಿಯರ ಮಾತು ಜಾಸ್ತಿ ನಡೆಯುತ್ತದೆ. 2020ರ ಡಿಸೆಂಬರಿನಲ್ಲಿ ನಮ್ಮ ಓಣಿಯಲ್ಲಿ ನೋಡಿದೆ, ಅವರ ಮೇಲೆ ಭರವಸೆ ಇದ್ದವರು "ದೈವದವ್ರು ಹೇಳ್ಯಾರ" ಅಂತ ಬೆಳಿಗ್ಗೆಯೇ ಓಟು ಹಾಕಲು ಸಾಲು ಹಚ್ಚಿದ್ದರು. ಅದೇ ಜನ ಗ್ರಾಮಸಭೆಗೆ ಮಾತ್ರ ಬರುವುದಿಲ್ಲ, ಹಿರಿಯರು ನೋಡಿಕೊಳ್ಳುತ್ತಾರೆ ಬಿಡು ಅನ್ನುತ್ತಾರೆ. ಆ ಹಿರಿಯರನ್ನೇ 'ಪುಢಾರಿ' ಅಂತ ಕರೆಯುವ ಹುಡುಗರಲ್ಲಿ ಕೆಲವರು ಸಭೆಗೆ ಬಂದು ಗಟಾರದ ಲೆಕ್ಕ ಕೇಳುತ್ತಾರೆ, ಉಳಿದವರು ಓಟಿಗೂ ಬರಲ್ಲ, ಸಭೆಗೂ ಬರಲ್ಲ. ನನಗೆ ಬೇಸರ ಆಗುವುದು ಇದಕ್ಕೇ.

ಪುಢಾರಿ ಮರಾಠಿಯಿಂದ ಬಂದದ್ದು. ಪುಢೆ ಅಂದರೆ ಮುಂದೆ, ಸರಿಯಾಗಿ ನಮ್ಮ ಮುಂದಾಳು. ಮರಾಠಿಯಲ್ಲಿ ಆ ಹೆಸರಿನ ದಿನಪತ್ರಿಕೆಯೇ ಇದೆ. ಕನ್ನಡದಲ್ಲಿ ಅದು ಬೈಗುಳದ ಹತ್ತಿರ ಬಂದಿದೆ, ಗೌರವಕ್ಕೆ 'ಸಹಕಾರಿ ಧುರೀಣ' ಅನ್ನುವಲ್ಲಿಯ ಧುರೀಣ ಉಳಿದಿದೆ.

ಈಗ ನನ್ನ ಪ್ರಶ್ನೆ. ಕಾನೂನಿನ ಪ್ರಕಾರ ಮತದಾರರ ಪಟ್ಟಿಯಲ್ಲಿ ಇರುವ ಎಲ್ಲರೂ ಗ್ರಾಮಸಭೆಯ ಸದಸ್ಯರು, ಅಂದರೆ ಗೀಗೀ ಪದದವರು ಶರಣು ಹೇಳುವ ದೈವವೇ ಅಲ್ವಾ? ಇಂಡಿ, ಅಥಣಿ, ರಾಮದುರ್ಗದ ಕಡೆಯವರು ಹೇಳಿ, ನಿಮ್ಮೂರಲ್ಲಿ 'ದೈವ ಕೂಡಿತು' ಅಂದರೆ ಅದರಲ್ಲಿ ಹೆಂಗಸರೂ ಸೇರುತ್ತಾರಾ? 'ದೈವದವರು' ಅನ್ನುವುದನ್ನು ಇಡೀ ಊರಿಗೆ ಹೇಳುವುದನ್ನು ಯಾರಾದರೂ ಕೇಳಿದ್ದೀರಾ? ಸದ್ಯಕ್ಕೆ ಆ ಸಾಲು ಅಳಿಸಿ 'ಓಟು ಇರುವ ಎಲ್ಲರೂ, ಅಕ್ಕತಂಗಿಯರೂ ಬರಬೇಕು' ಅಂತ ಬರೆದಿದ್ದೇನೆ. ಚಿಗವ್ವನಿಗೆ ಇನ್ನೂ ಓದಿ ಹೇಳಿಲ್ಲ.