ವಿದೇಶದಿಂದ ದತ್ತು ಬರುವ ಅಣ್ಣ-ತಮ್ಮ: ಮೊದಲ ತಿಂಗಳುಗಳಲ್ಲಿ ಏನು ಮಾಡಬೇಕು?

ಹೊಸಅಂಗಳ:
ಆರು ವರ್ಷದ ಅಣ್ಣ, ಮೂರೂವರೆ ವರ್ಷದ ತಮ್ಮ. ಬೇರೆ ದೇಶದ ಅನಾಥಾಲಯದಿಂದ ಮುಂದಿನ ತಿಂಗಳು ಮನೆಗೆ ಬರುತ್ತಿದ್ದಾರೆ. ಕಾಗದಪತ್ರ ಎಲ್ಲಾ ಮುಗಿದಿದೆ. ವರದಿಯಲ್ಲಿ, ತಮ್ಮನಿಗೆ ಅಣ್ಣನೇ ಉಣಿಸುತ್ತಾನೆ, ಬೇರೆಯವರು ಎತ್ತಿಕೊಳ್ಳಲು ಬಂದರೆ ತಡೆಯುತ್ತಾನೆ ಎಂದಿದೆ. ಈ ಹೊಣೆಯಿಂದ ಅವನನ್ನು ಬಿಡಿಸುವುದು ಹೇಗೆ? ಇಬ್ಬರನ್ನೂ ಒಂದೇ ಕೋಣೆಯಲ್ಲಿ ಮಲಗಿಸಬಹುದೇ? ಯಾವ ಯಾವ ತಪಾಸಣೆ ಮಾಡಿಸಬೇಕು?

ಮೆಟ್ಟಿಲು:
ದಯವಿಟ್ಟು ಬಿಡಿಸಲು ಹೋಗಬೇಡಿ, ಪಾಲು ತೆಗೆದುಕೊಳ್ಳಿ. ತಮ್ಮನನ್ನು ನೋಡಿಕೊಳ್ಳುವುದೊಂದೇ ಇಷ್ಟು ದಿನ ಆ ಹುಡುಗನ ಕೈಯಲ್ಲಿದ್ದದ್ದು. ಅದನ್ನೂ ಕಿತ್ತುಕೊಂಡರೆ ಅಣ್ಣ ನಿಮಗೆ ಎದುರು ನಿಲ್ಲುತ್ತಾನೆ, ತಮ್ಮ ಯಾರ ಹತ್ತಿರ ಹೋಗಬೇಕೆಂದು ತಿಳಿಯದೆ ರಚ್ಚೆ ಹಿಡಿಯುತ್ತಾನೆ.

ಶುರು ಮಾಡಲು ಊಟದ ಹೊತ್ತೇ ಸರಿ. ತಮ್ಮನನ್ನು ನಡುವೆ ಕೂರಿಸಿ, ಒಂದು ಪಕ್ಕ ನೀವು, ಇನ್ನೊಂದು ಪಕ್ಕ ಅಣ್ಣ. ಚಮಚ ಎರಡಿರಲಿ. ಮೊದಲ ಕೆಲವು ದಿನ ಅಣ್ಣನೇ ಉಣಿಸಲಿ, ನೀವು ಸುಮ್ಮನೆ ಪಕ್ಕದಲ್ಲಿರಿ. ಆಮೇಲೆ ಅವನದೊಂದು ತುತ್ತು, ನಿಮ್ಮದೊಂದು ತುತ್ತು. ಬರಬರುತ್ತಾ ಮೊದಲ ತುತ್ತು ಮಾತ್ರ ಅವನದು, ಉಳಿದದ್ದು ನಿಮ್ಮದು. ಅಷ್ಟೂ ದಿನ ಅಣ್ಣನ ತಟ್ಟೆಗೆ ಮೊದಲು ಬಡಿಸಿ. ಇಂಥ ಮಕ್ಕಳು ತಮ್ಮನ ಹೊಟ್ಟೆ ತುಂಬಿಸಿ ತಾವು ಅರೆಹೊಟ್ಟೆಯಲ್ಲಿ ಏಳುತ್ತಾರೆ. ಎಷ್ಟು ವಾರ ಹಿಡಿಯುತ್ತದೆ ಎಂದು ಲೆಕ್ಕ ಹಾಕಬೇಡಿ. ತಮ್ಮ ಬಿದ್ದಾಗ ಮೊದಲು ಯಾರ ಮುಖ ನೋಡುತ್ತಾನೆ, ಅಣ್ಣ ತನ್ನ ಊಟ ಬಿಟ್ಟು ಓಡುತ್ತಾನೋ ಇಲ್ಲವೋ, ಅದನ್ನು ಗಮನಿಸಿ.

ತಮ್ಮನಿಗೆ ಏನೋ ಬೇಕೆಂದು ಅಣ್ಣ ಬಂದು ಹೇಳಿದಾಗ ನಿಮ್ಮ ಬಾಯಲ್ಲಿ ಸದಾ ಇರಬೇಕಾದ ಒಂದು ಮಾತು: "ಹೇಳಿದ್ದು ಒಳ್ಳೇದಾಯ್ತು, ಇನ್ನು ನಾನು ನೋಡ್ಕೋತೀನಿ." ಹೇಳಿದ ಕೂಡಲೇ, ಅವನ ಕಣ್ಣೆದುರೇ ಆ ಕೆಲಸ ಮಾಡಿ. ನೀವು ತಡ ಮಾಡಿದರೆ ಅವನೇ ಮತ್ತೆ ಹೊಣೆ ಹೊರುತ್ತಾನೆ. "ಎರಡು ನಿಮಿಷ ತಮ್ಮನ್ನ ನೋಡ್ಕೋ" ಎಂದು ಮಾತ್ರ ಹೇಳಲೇಬೇಡಿ. "ಎಷ್ಟು ಜವಾಬ್ದಾರಿ ಇವನಿಗೆ!" ಎಂಬ ಹೊಗಳಿಕೆಯೂ ಬೇಡ, ಅದು ಹೊರೆಯನ್ನು ಇನ್ನಷ್ಟು ಬಿಗಿ ಮಾಡುತ್ತದೆ. ದಿನಕ್ಕೆ 15-20 ನಿಮಿಷ ಅಣ್ಣನಿಗೇ ಮೀಸಲಿಡಿ. ಮಡಿಲಲ್ಲಿ ಕೂರುವುದು, ಕಣ್ಣಾಮುಚ್ಚಾಲೆ, ಹೀಗೆ ವಯಸ್ಸಿಗಿಂತ ಚಿಕ್ಕ ಆಟಗಳನ್ನೇ ಕೇಳುತ್ತಾನೆ, ಆಡಿಸಿ. ತಪ್ಪಿಹೋದ ಬಾಲ್ಯವನ್ನು ಮಕ್ಕಳು ಹೀಗೆಯೇ ಕೇಳಿ ಪಡೆಯುತ್ತಾರೆ.

ಅನಾಥಾಲಯಕ್ಕೆ ಈಗಲೇ ಒಂದು ಪ್ರಶ್ನೆ ಕಳಿಸಿ: ಇಬ್ಬರೂ ದಿನಕ್ಕೆ ಎಷ್ಟು ಹೊತ್ತು ಒಟ್ಟಿಗೆ ಇರುತ್ತಿದ್ದರು? ಎಷ್ಟೋ ಕಡೆ ವಯಸ್ಸು ನೋಡಿ ಮಕ್ಕಳನ್ನು ಬೇರೆ ಬೇರೆ ಕೋಣೆಯಲ್ಲಿ ಇಡುತ್ತಾರೆ. ಹಾಗಿದ್ದರೆ ಅಣ್ಣ-ತಮ್ಮನಿಗೆ ಪರಸ್ಪರ ಒಗ್ಗಲೂ ಸಮಯ ಬೇಕು.

ನಾಡಿಮಿಡಿತ:
ತಪಾಸಣೆ ಬಗ್ಗೆ. ಜ್ವರ, ಭೇದಿ ಇದ್ದರೆ ಬಂದ ತಕ್ಷಣ, ಇಲ್ಲದಿದ್ದರೂ ಎರಡು-ಮೂರು ವಾರದೊಳಗೆ ಮಕ್ಕಳ ವೈದ್ಯರಿಗೆ ತೋರಿಸಿ. ಅಲ್ಲಿನ ವರದಿ ಸರಿ ಇದ್ದರೂ ಇಲ್ಲಿ ಮತ್ತೆ ಮಾಡಿಸಬೇಕಾದವು: ಹೆಪಟೈಟಿಸ್ ಬಿ ಮತ್ತು ಸಿ, ಎಚ್‌ಐವಿ, ಸಿಫಿಲಿಸ್, ಕ್ಷಯ, ಪೂರ್ಣ ರಕ್ತಕಣ ಎಣಿಕೆ, ರಕ್ತದಲ್ಲಿ ಸೀಸ, ಥೈರಾಯ್ಡ್. ಮಲಪರೀಕ್ಷೆಗೆ ಒಂದೇ ಮಾದರಿ ಸಾಲದು. ಬೇರೆ ಬೇರೆ ದಿನ ಮೂರು ಮಾದರಿ ಕೊಡಿ, ಪರೋಪಜೀವಿಗಳು ಪ್ರತಿದಿನ ಮಲದಲ್ಲಿ ಕಾಣಿಸುವುದಿಲ್ಲ. ಭೇದಿ ತರುವ ಕರುಳಿನ ಪರೋಪಜೀವಿ ಜಿಯಾರ್ಡಿಯಾಗೆ ಪ್ರತ್ಯೇಕ ಪರೀಕ್ಷೆ ಕೇಳಿ. ಹೆಪಟೈಟಿಸ್, ಎಚ್‌ಐವಿ ಪರೀಕ್ಷೆಗಳನ್ನು ಆರು ತಿಂಗಳಿಗೆ ಇನ್ನೊಮ್ಮೆ ಮಾಡಿಸಿ, ಹೊರಡುವ ಮುಂಚೆ ತಗುಲಿದ ಸೋಂಕು ಮೊದಲ ಸಲ ಸಿಗದೇ ಇರಬಹುದು. ಕ್ಷಯದ ಪರೀಕ್ಷೆಯನ್ನೂ ಮೂರರಿಂದ ಆರು ತಿಂಗಳೊಳಗೆ ಮತ್ತೆ ಮಾಡಿಸುವುದು ವಾಡಿಕೆ.

ಬಹಳ ಜನ ಮರೆಯುವುದು ಕಬ್ಬಿಣಾಂಶ. ಒಳ್ಳೆ ಊಟ ಸಿಕ್ಕ ಮೇಲೆ ಮಕ್ಕಳು ಸರಸರ ಬೆಳೆಯುತ್ತಾರೆ, ಆಗ ದೇಹದಲ್ಲಿದ್ದ ಅಲ್ಪಸ್ವಲ್ಪ ಕಬ್ಬಿಣವೂ ಖರ್ಚಾಗುತ್ತದೆ. ಬಂದಾಗ ಸರಿ ಇದ್ದ ಮಗುವಿಗೆ ಆರು ತಿಂಗಳಲ್ಲಿ ಕೊರತೆ ಕಾಣಿಸಬಹುದು. ಫೆರಿಟಿನ್ (ದೇಹದಲ್ಲಿ ಕೂಡಿಟ್ಟ ಕಬ್ಬಿಣ ಎಷ್ಟಿದೆ ಎಂದು ತೋರಿಸುವ ರಕ್ತಪರೀಕ್ಷೆ) ಮತ್ತೆ ನೋಡಿಸಿ. ಅನಾಥಾಲಯದಲ್ಲಿ ಕಳೆದ ಪ್ರತಿ ಮೂರು ತಿಂಗಳಿಗೆ ಎತ್ತರದಲ್ಲಿ ಸುಮಾರು ಒಂದು ತಿಂಗಳ ಬೆಳವಣಿಗೆ ಹಿಂದೆ ಬೀಳುತ್ತದೆ ಎಂಬುದು ವೈದ್ಯರು ಬಳಸುವ ಅಂದಾಜು. ಹಾಗಾಗಿ ಗಿಡ್ಡ ಇದ್ದಾನೆ ಎಂದು ಜನ್ಮದಿನಾಂಕವನ್ನು ಅನುಮಾನಿಸಿ ತಿದ್ದಿಸಲು ಓಡಬೇಡಿ, ಕನಿಷ್ಠ ಒಂದು ವರ್ಷ ಬೆಳವಣಿಗೆ ನೋಡಿ. ಲಸಿಕೆ ದಾಖಲೆ ನಂಬುವಂತಿಲ್ಲದಿದ್ದರೆ ಪ್ರತಿಕಾಯ ಪರೀಕ್ಷೆ (ಆ ರೋಗದ ವಿರುದ್ಧ ರಕ್ಷಣೆ ದೇಹದಲ್ಲಿದೆಯೇ ಎಂದು ನೋಡುವ ರಕ್ತಪರೀಕ್ಷೆ) ಮಾಡಿಸಬಹುದು, ಅಥವಾ ಲಸಿಕೆಯನ್ನೇ ಮತ್ತೆ ಹಾಕಿಸಬಹುದು. ಕಿವಿ, ಕಣ್ಣು ಮೊದಲ ತಿಂಗಳಲ್ಲೇ ಪರೀಕ್ಷಿಸಿ. ಕಿವಿ ಕೇಳದ ಮಗುವನ್ನು "ಇನ್ನೂ ನಮ್ಮ ಭಾಷೆ ಬಂದಿಲ್ಲ" ಎಂದುಕೊಂಡು ಬಿಟ್ಟುಬಿಡುವ ಅಪಾಯ ನಿಜವಾಗಿಯೂ ಇದೆ.

ಹೊದಿಕೆ:
ಮಲಗುವುದು ಒಂದೇ ಕೋಣೆಯಲ್ಲಿ, ಕೈಗೆ ಕೈ ಸಿಗುವಷ್ಟು ಹತ್ತಿರ, ಆದರೆ ಹಾಸಿಗೆ ಬೇರೆ. ಮೊದಲ ವಾರಗಳಲ್ಲಿ ನಿಮ್ಮಲ್ಲೊಬ್ಬರು ಅದೇ ಕೋಣೆಯಲ್ಲಿ ಮಲಗಿ, ಇಲ್ಲದಿದ್ದರೆ ರಾತ್ರಿ ಎಚ್ಚರವಾದ ತಮ್ಮನನ್ನು ಸಮಾಧಾನ ಮಾಡುವ ಕೆಲಸ ಅಣ್ಣನಿಗೇ ಬೀಳುತ್ತದೆ. ಮಂದ ದೀಪ ಇರಲಿ. ಹಾಕಿಕೊಂಡು ಬಂದ ಬಟ್ಟೆಯನ್ನು ತಕ್ಷಣ ಒಗೆಯಬೇಡಿ, ಆ ವಾಸನೆ ಅವರಿಗೆ ಪರಿಚಿತ.

ಊಟ-ತಿಂಡಿ ಎರಡೂವರೆ-ಮೂರು ಗಂಟೆಗೊಮ್ಮೆ. ದಿಂಬಿನ ಕೆಳಗೆ, ಜೇಬಿನಲ್ಲಿ ತಿನಿಸು ಬಚ್ಚಿಟ್ಟರೆ ಗದರಬೇಡಿ. ಇಬ್ಬರಿಗೂ ಒಂದೊಂದು ಮುಚ್ಚಳದ ಡಬ್ಬಿ ಕೊಡಿ, ಕೆಡದ ಒಣ ತಿನಿಸು ತುಂಬಿ, ಅವರ ಎದುರೇ ಮತ್ತೆ ಮತ್ತೆ ತುಂಬಿಸಿ. ಇಬ್ಬರಿಗೂ ಸೇರಿ ಒಂದೇ ಡಬ್ಬಿ ಕೊಟ್ಟರೆ ಜಗಳ ಗ್ಯಾರಂಟಿ. ವಾಂತಿಯಾಗುವಷ್ಟು ತಿನ್ನುವ ಮಗುವಿಗೆ ಸ್ವಲ್ಪ ಸ್ವಲ್ಪ ಬಡಿಸಿ, ಕೇಳಿದಾಗಲೆಲ್ಲ ಇನ್ನಷ್ಟು ಹಾಕಿ. "ಸಾಕು" ಎಂದು ತಡೆದರೆ ಆತಂಕ ಹೆಚ್ಚುತ್ತದೆ. ತೀರಾ ಸೊರಗಿದ್ದರೆ ಮಾತ್ರ ಊಟ ಹೆಚ್ಚಿಸುವ ಮುನ್ನ ವೈದ್ಯರನ್ನು ಕೇಳಿ.

ಬಿಸಿನೀರಿನ ನಲ್ಲಿ, ಮೆಟ್ಟಿಲು, ಕಿಟಕಿ, ರಸ್ತೆ ಇವುಗಳ ಅಪಾಯ ಅವರಿಗೆ ಗೊತ್ತಿಲ್ಲ ಎಂದೇ ಇಟ್ಟುಕೊಳ್ಳಿ. ನೆಂಟರು ಬಂದು ಆಟ ಆಡಿಸಲಿ, ಆದರೆ ಮೊದಲ ಕೆಲವು ತಿಂಗಳು ಉಣಿಸುವುದು, ಸ್ನಾನ, ಸಮಾಧಾನ ನಿಮ್ಮಿಬ್ಬರದೇ. ಕಂಡವರ ಮಡಿಲೆಲ್ಲ ಹತ್ತುವ ಮಗುವನ್ನು ನೋಡಿ "ಎಷ್ಟು ಬೇಗ ಹೊಂದಿಕೊಂಡ" ಎಂದು ಸಂತೋಷಪಡಬೇಡಿ. ತನ್ನವರು ಯಾರೆಂದು ಆ ಮಗುವಿಗೆ ಇನ್ನೂ ತಿಳಿದಿಲ್ಲ.

ಹೊಸಅಂಗಳ:
ತುಂಬಾ ಉಪಕಾರ ಆಯ್ತು. ಭಾಷೆ, ಶಾಲೆ ಬಗ್ಗೆಯೂ ಯಾರಾದರೂ ಹೇಳಿ.

ಬಳಪ:
ಅವರ ಭಾಷೆಯ ಐವತ್ತು ಮಾತು ಈಗಲೇ ಕಲಿಯಿರಿ: ನೋವು, ಹಸಿವು, ಭಯ, ಬಚ್ಚಲು, "ಹೋಗಿ ಮತ್ತೆ ಬರುತ್ತೇನೆ". ತಮ್ಮತಮ್ಮಲ್ಲಿ ಹಳೆಯ ಭಾಷೆ ಆಡಿದರೆ ತಡೆಯಬೇಡಿ, ಕೇಳುವವರಿಲ್ಲದಿದ್ದರೆ ಕೆಲವೇ ತಿಂಗಳಲ್ಲಿ ಅದು ತಾನಾಗಿ ಮರೆಯಾಗುತ್ತಾ ಬರುತ್ತದೆ. ತೊಡಕು ಬೇರೆ ಕಡೆ ಇದೆ. ಹೊಸ ಭಾಷೆ ಮೊದಲು ಅಣ್ಣನಿಗೆ ಬಂದರೆ ತಮ್ಮನ ಪರವಾಗಿ ಅವನೇ ಮಾತಾಡಲು ಶುರು ಮಾಡುತ್ತಾನೆ. ತಮ್ಮನನ್ನೇ ನೇರವಾಗಿ ಕೇಳಿ, ಮನಸ್ಸಿನಲ್ಲಿ ಹತ್ತು ಎಣಿಸುವವರೆಗೆ ಕಾಯಿರಿ, ಬೆರಳು ತೋರಿಸಿದರೂ ಉತ್ತರ ಎಂದೇ ತಿಳಿಯಿರಿ.

ಆಟದ ಮಾತು ಒಂದೆರಡು ವರ್ಷದಲ್ಲಿ ಸಲೀಸು. ಪಾಠದ ಭಾಷೆಗೆ ಐದರಿಂದ ಏಳು ವರ್ಷವೂ ಹಿಡಿಯಬಹುದು. ಎರಡನೇ ತರಗತಿಯಲ್ಲಿ ಪಟಪಟ ಮಾತಾಡುವ ಹುಡುಗ ಮೂರರಲ್ಲಿ ಲೆಕ್ಕದ ಪ್ರಶ್ನೆ ಅರ್ಥವಾಗದೆ ಕೂರುವುದು ಇದರಿಂದಲೇ. ಶಾಲೆ ನಿಯಮ ಒಪ್ಪಿದರೆ ಮೂರರಿಂದ ಆರು ತಿಂಗಳು ಮನೆಯಲ್ಲೇ ಇರಲಿ, ಆಮೇಲೆ ಅಣ್ಣನಿಗೆ ಅರ್ಧ ದಿನದಿಂದ ಶುರು ಮಾಡಿ. ಒಂದು ತರಗತಿ ಕೆಳಗೆ ಸೇರಿಸಿದರೂ ನಷ್ಟವಿಲ್ಲ. ಇಬ್ಬರನ್ನೂ ಒಂದೇ ವಾರ ಸೇರಿಸಬೇಡಿ. ಅಣ್ಣನನ್ನು ಬಿಡಲು, ಕರೆತರಲು ತಮ್ಮನನ್ನೂ ಜೊತೆಗೆ ಒಯ್ಯಿರಿ, ಅಣ್ಣ ಎಲ್ಲಿ ಹೋದ, ಹೇಗೆ ಮರಳಿ ಬಂದ ಎಂಬುದನ್ನು ಕಣ್ಣಾರೆ ನೋಡಲಿ. ಮುಂದೆ ತಮ್ಮನೂ ಅದೇ ಶಾಲೆಗೆ ಸೇರಿದಾಗ ಶಿಕ್ಷಕರಿಗೆ ಬರೆದೇ ಕೊಡಿ: ತಮ್ಮ ಅತ್ತರೆ ಅಣ್ಣನನ್ನು ತರಗತಿಯಿಂದ ಕರೆಸಬಾರದು, ನಮಗೆ ಫೋನ್ ಮಾಡಿ.