ರೀಫ್ ಟ್ಯಾಂಕಿನ (ಹವಳ ಸಾಕೋ ಉಪ್ಪುನೀರಿನ ಅಕ್ವೇರಿಯಂ) ಪಿಎಚ್ 8 ದಾಟವಲ್ದು, ಬಫರ್ ಪುಡಿ (ಪಿಎಚ್ ಏರಿಸೋ ಪುಡಿ) ಹಾಕಬೇಕೇನ್ರಿ?

ಕೇಶ್ವಾಪುರ ರೀಫ್:
ಹುಬ್ಬಳ್ಳಿಯಾಗ 300 ಲೀಟರ್ ಟ್ಯಾಂಕ್, ಸಂಪಿನ್ಯಾಗ (ಫಿಲ್ಟರ್ ತೊಟ್ಟ್ಯಾಗ) ಸ್ಕಿಮ್ಮರ್, ಅಂದ್ರ ಗಾಳಿ ಗುಳ್ಳಿ ನೊರಿಯಿಂದ ಹೊಲಸು ತೆಗಿಯೋ ಯಂತ್ರ. ಆಲ್ಕಲಿನಿಟಿ (ಪಿಎಚ್ ಇಳೀದಂಗ ತಡಿಯೋ ಶಕ್ತಿ) 8.2 ಡಿಕೆಎಚ್ (ಅದರ ಅಳತಿ), ಲವಣಾಂಶ 35 ಪಿಪಿಟಿ (ಸಾವಿರಕ್ಕ 35 ಭಾಗ). ಪಿಎಚ್ ಮುಂಜಾನೆ 7.75, ಸಂಜೀಕ 7.95. ಮಳಿಗಾಲ ಅಂತ ಕಿಟಕಿ ಮುಚ್ಚೇ ಇರ್ತಾವು. ಅಂಗಡ್ಯಾಗ ಬಫರ್ ಪುಡಿ ಹಾಕ್ರಿ ಅಂತಾರ.

ಧಾರವಾಡ ಹವಳ:
ಪುಡಿ ಬ್ಯಾಡ್ರಿ. ನಿಮ್ಮ ಆಲ್ಕಲಿನಿಟಿ ಸರಿಯಾಗೇ ಅದ. ಬಫರ್ ಸುರುವಿದ್ರ ಪಿಎಚ್ ಸ್ವಲ್ಪ ಹೊತ್ತು ಏರಿ ಮತ್ತ ಇಳೀತದ, ಆಲ್ಕಲಿನಿಟಿ ಮಾತ್ರ 11–12 ಮುಟ್ಟಿ ಹವಳದ ತುದಿ ಸುಡೋ ಹಂಗ ಆಗ್ತದ. ತೊಂದರಿ ಇರೋದು ಗಾಳ್ಯಾಗ. ಹೊರಗ ಕಾರ್ಬನ್ ಡೈಆಕ್ಸೈಡ್ ಸುಮಾರು 420 ಪಿಪಿಎಂ. ಮುಚ್ಚಿದ ಮನ್ಯಾಗ ಮಂದಿ ಉಸಿರಾಟ, ಗ್ಯಾಸ್ ಒಲಿ ಕೂಡಿ 1000 ದಾಟೋದು ಸಹಜ. ಸ್ಕಿಮ್ಮರ್ ಅದನ್ನೇ ಎಳಕೊಂಡು ನೀರಿಗೆ ಕಲಸ್ತದ, ಕರಗಿದ್ದು ಕಾರ್ಬಾನಿಕ್ ಆಮ್ಲ ಆಗ್ತದ. ಏರ್ ಸ್ಟೋನ್ (ಗುಳ್ಳಿ ಬಿಡೋ ಕಲ್ಲು) ಹೆಚ್ಚಿಸಿದ್ರೂ ಅದೇ ಕೋಣಿ ಗಾಳಿ, ಉಪಯೋಗ ಇಲ್ಲ.

ಮೊದಲ ಖಾತ್ರಿ ಮಾಡ್ಕೋರಿ. ಪಿಎಚ್ ಮೀಟರನ್ನ ಪಿಎಚ್ 7 ಮತ್ತು 10ರ ದ್ರಾವಣದಾಗ ಕ್ಯಾಲಿಬ್ರೇಟ್ ಮಾಡಿ, ಟ್ಯಾಂಕಿನ ಒಂದು ಲೀಟರ್ ನೀರು ಹೊರಗಿನ ಗ್ಯಾಲರಿಗೆ (ಬಾಲ್ಕನಿ) ಒಯ್ದು ಏರ್ ಪಂಪಿನಿಂದ ಒಂದು ತಾಸು ಗುಳ್ಳಿ ಬಿಡ್ರಿ. ಪಿಎಚ್ 8.2ರ ಆಸುಪಾಸು ಬಂದ್ರ ಕೋಣಿ ಗಾಳಿನೇ ಕಾರಣ. ಏರಲೇ ಇಲ್ಲ ಅಂದ್ರ ಆಲ್ಕಲಿನಿಟಿ ಕಿಟ್ ಮ್ಯಾಲೆ ಸಂಶಯ ಪಡ್ರಿ.

ಉಣಕಲ್ ಸಂಪ್:
ಖಾತ್ರಿ ಆತಂದ್ರ ಸ್ಕಿಮ್ಮರ್ ಗಾಳಿ ಎಳಿಯೋ ಬಾಯಿಗೆ ಪೈಪ್ ಜೋಡಿಸಿ ಕಿಟಕಿ ಚೌಕಟ್ಟಿನಿಂದ ಹೊರಗ ಬಿಡ್ರಿ. ಹೊರಗಿನ ತುದಿ ಕೆಳಗ ಬಾಗಿರಲಿ, ಮಳಿ ನೀರು ಹೋಗಬಾರದು. ಸೊಳ್ಳಿ ಜಾಳಿಗಿ ಕಟ್ಟಿ, ಒಳಗ ಧೂಳಿಗೆ ಒಂದು ಸ್ಪಂಜ್ ತುಂಡು ಇಡ್ರಿ. ಗಾಡಿ ನಿಲ್ಲಿಸೋ ಜಾಗ, ಜನರೇಟರ್ ಹೊಗಿ ಹತ್ರ ಬ್ಯಾಡ. ಇನ್ನೊಂದು ಮರೀಬ್ಯಾಡ್ರಿ: ಓಣ್ಯಾಗ ಸೊಳ್ಳಿ ಔಷಧದ ಹೊಗಿ ಬಿಡೂಮುಂದ ಸ್ಕಿಮ್ಮರ್ ಬಂದ್ ಮಾಡಲೇಬೇಕು. ಆ ಔಷಧಕ್ಕ ಸೀಗಡಿ, ಏಡಿ ಮೊದಲ ಸಾಯ್ತಾವು.

ಗದಗ ರೀಫ್:
ಕಿಟಕಿ ದೂರ ಇದ್ರ ಸೋಡಾ ಲೈಮ್ (ಕಾರ್ಬನ್ ಡೈಆಕ್ಸೈಡ್ ಹೀರೋ ಕಾಳು) ಡಬ್ಬಿ ಹಚ್ಚಬಹುದು. ಗಾಳಿ ಕಾಳಿನ ನಡುವ ಹಾದು ಸ್ಕಿಮ್ಮರಿಗೆ ಹೋಗ್ತದ. ಬಿಳಿ ಕಾಳು ನೇರಳೆ ಆದ್ರ ಮುಗೀತು. ತೆಗೆದಿಟ್ಟ ಕಾಳು ಮತ್ತ ಬಿಳಿ ಆಗೋದುಂಟು, ಅದನ್ನ ತಿರುಗಿ ತುಂಬಬ್ಯಾಡ್ರಿ. ಧೂಳು ಚರ್ಮ ಸುಡ್ತದ, ಕೈಗವಸು ಹಾಕ್ಕೋರಿ. ರಾತ್ರಿ ಇಳಿತ ಉಳಿದ್ರ ಆವಿ ಆದ ನೀರು ತುಂಬಲಿಕ್ಕೆ ಲೀಟರಿಗೆ 1.5 ಗ್ರಾಂ ಕಾಲ್ಕ್‌ವಾಸರ್ (ಕ್ಯಾಲ್ಸಿಯಂ ಹೈಡ್ರಾಕ್ಸೈಡ್ ಪುಡಿ) ಕಲಸಿ, ತಿಳಿ ಮಾತ್ರ ಹನಿ ಹನಿಯಾಗಿ ಬಿಡ್ರಿ. ಒಮ್ಮೆಲೇ ಸುರುವಿದ್ರ ಕ್ಯಾಲ್ಸಿಯಂ ಕಾರ್ಬೊನೇಟ್ ಆಗಿ ತಳಕ್ಕ ಇಳೀತದ.

ಕೇಶ್ವಾಪುರ ರೀಫ್:
ಗ್ಯಾಲರ್ಯಾಗ ಒಂದು ತಾಸಿಗೆ 8.18 ಬಂತ್ರಿ. ಪೈಪ್ ಆರು ಮೀಟರ್ ಬೇಕಾಗತೈತಿ, ನಡಿತೈತೇನ್ರಿ?

ಉಣಕಲ್ ಸಂಪ್:
ಒಳವ್ಯಾಸ 12 ಮಿಮೀ ಇದ್ರ ನಡಿತೈತಿ. ಏರ್ ಪಂಪಿನ ಸಣ್ಣ ನಳಿಗಿ ಅಷ್ಟುದ್ದ ಹಾಕಿದ್ರ ಗಾಳಿ ಕಡಿಮಿ ಆಗಿ ಸ್ಕಿಮ್ಮರ್ ಕೆಲಸ ಕೆಡ್ತೈತಿ. ಪೈಪ್ ಹಚ್ಚೂಕಿಂತ ಮೊದಲ ನೊರಿ ಎಲ್ಲಿತನ ಬರತೈತಿ ಅಂತ ಗುರುತು ಹಾಕ್ರಿ. ಆಮ್ಯಾಲೆ ಕೆಳಗ ಇಳಿದ್ರ ಇನ್ನೂ ದಪ್ಪ ಪೈಪ್ ತರ್ರಿ.